"ನಮ್ಮವರಿಗೇ ಹಾಕಿದೆ ತಾನೆ?"

ಅಮೆರಿಕದ ಚುನಾವಣೆಯಲ್ಲಿ ಭಾರತೀಯ ಮೂಲದವರಿಗೇ ಓಟು ಹಾಕಿದೆಯಾ ಅಂತ ನೆಂಟರು ಕೇಳುವ ಪ್ರಶ್ನೆ ಇದು. ಇಲ್ಲ, ಹಾಕಲಿಲ್ಲ. ಫೋನಿನಲ್ಲಿ, ಮದುವೆ ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ನಾನು ಓಟು ಹಾಕಿದ ಮೊದಲ ಅಧ್ಯಕ್ಷೀಯ ಪ್ರೈಮರಿ 2020ರದ್ದು. ನಮ್ಮೂರಲ್ಲಿ ಬಿ ಫಾರಂ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನಿಸುತ್ತದೆ ಅಲ್ವಾ? ಇಲ್ಲಿ ಅದನ್ನು ಜನರ ಓಟು ತೀರ್ಮಾನಿಸುತ್ತದೆ. ಅದೇ ಪ್ರೈಮರಿ.

2023ರ ನವೆಂಬರ್ ಕೊನೆಯಲ್ಲಿ ತಂಗಿಯ ಮದುವೆಗೆ ಮೈಸೂರಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಸೋದರಮಾವ ಶುರು ಮಾಡಿದರು. "ಈ ಸಲ ನಮ್ಮವರು ಇಬ್ಬರಿದ್ದಾರಲ್ಲಮ್ಮ! ನಿಕ್ಕಿ ಹೇಲಿನೋ, ವಿವೇಕ್ ರಾಮಸ್ವಾಮಿನೋ?"

ಇಬ್ಬರೂ 2024ರ ಅಧ್ಯಕ್ಷೀಯ ಚುನಾವಣೆಗೆ ಟಿಕೆಟ್ ಕೇಳುತ್ತಿದ್ದ ರಿಪಬ್ಲಿಕನ್ನರು. ನಾನು ನೋಂದಾಯಿಸಿರುವುದು ಡೆಮಾಕ್ರಟಿಕ್ ಪಕ್ಷದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ರಿಪಬ್ಲಿಕನ್ನರ ಅಧ್ಯಕ್ಷೀಯ ಪ್ರೈಮರಿಗೆ ಆ ಪಕ್ಷದಲ್ಲಿ ನೋಂದಾಯಿಸಿದವರು ಮಾತ್ರ ಓಟು ಹಾಕಬಹುದು. ಇಷ್ಟು ಹೇಳಿ ಮುಗಿಸುವ ಮೊದಲೇ ಮಾವ, "ಹಾಗಾದ್ರೆ ಹೋದ ಸಲ ಕಮಲಾಗೆ ಹಾಕಿರ್ತೀಯ ಬಿಡು" ಅಂದರು. ನಮ್ಮ ಪಕ್ಷದ ಕಮಲಾ ಹ್ಯಾರಿಸ್ 2019ರ ಡಿಸೆಂಬರ್ 3ರಂದೇ ಟಿಕೆಟ್ ಪೈಪೋಟಿಯಿಂದ ಹಿಂದೆ ಸರಿದಿದ್ದರು. ನಮ್ಮ ಪ್ರೈಮರಿ ಇದ್ದದ್ದು 2020ರ ಮಾರ್ಚ್ 3ಕ್ಕೆ.

ನನಗೆ ಸಿಟ್ಟು ಬರುವುದು "ನಮ್ಮವರು" ಅನ್ನುವ ಮಾತಿಗೆ. ಜಾತಿ ನೋಡಬೇಡ, ಕೆಲಸ ನೋಡಿ ಓಟು ಹಾಕು ಅಂತ ಹದಿನೆಂಟು ತುಂಬಿದಾಗ ನನಗೆ ಹೇಳಿಕೊಟ್ಟವರು ಇದೇ ಮಾವ. ಸಮುದ್ರ ದಾಟಿದ ಕೂಡಲೇ ಆ ಮಾತು ಬದಲಾಗುತ್ತದಾ?

2020ರಲ್ಲಿ ನಾನು ಕೆಲಸ ನೋಡಿಯೇ ಹಾಕಿದೆ. ಒಂದೇ ಪಕ್ಷದವರು ಟಿಕೆಟ್‌ಗೆ ಪೈಪೋಟಿ ನಡೆಸುವಾಗ ಹೆಚ್ಚಿನ ವಿಷಯಗಳಲ್ಲಿ ಎಲ್ಲರ ಮಾತೂ ಹತ್ತಿರ ಹತ್ತಿರವೇ ಇರುತ್ತದೆ. ಹಾಗಾಗಿ ಯಾರು ಏನು ಮಾಡಿಸಿದ್ದಾರೆ ಅಂತ ಹುಡುಕಿದೆ. ಮಿನೆಸೋಟದ ಸೆನೆಟರ್ ಏಮಿ ಕ್ಲೋಬುಚರ್ ಹತ್ತಿರ ಬಂದು ನಿಂತೆ. ಅವರ ಮಗಳು ಹುಟ್ಟಿದಾಗ ಮಗುವಿಗೆ ನುಂಗಲು ಆಗುತ್ತಿರಲಿಲ್ಲ. ಮಗು ಆಸ್ಪತ್ರೆಯಲ್ಲೇ ಇತ್ತು, ತಾಯಿಯನ್ನು ಮಾತ್ರ 24 ಗಂಟೆಗೆ ಹೊರಗೆ ಕಳಿಸಿದರು. ಆಗ ಅವರು ಚುನಾಯಿತ ಹುದ್ದೆಯಲ್ಲಿ ಇರಲಿಲ್ಲ. ಆದರೂ ರಾಜ್ಯದ ಶಾಸನಸಭೆಗೆ ಹೋಗಿ ಪಟ್ಟು ಹಿಡಿದರು. ಬಾಣಂತಿಗೆ 48 ಗಂಟೆ ಆಸ್ಪತ್ರೆಯಲ್ಲಿ ಇರುವ ಹಕ್ಕು ಮಿನೆಸೋಟದಲ್ಲಿ ಕಾನೂನಾಯಿತು.

ನನ್ನ ಬಾಣಂತನಕ್ಕೆ ಅಮ್ಮ ಹಾಸನದಿಂದ ಬಂದಿದ್ದರು. ಎಣ್ಣೆ ನೀರು, ಮೆಣಸಿನ ಸಾರು, ತಲೆಗೆ ಬಟ್ಟೆ. ತಿಂಗಳುಗಟ್ಟಲೆ ನನ್ನನ್ನು ಎದ್ದು ಓಡಾಡಲು ಬಿಡಲಿಲ್ಲ. ಈ ಕಥೆ ಹೇಳಿದಾಗ ಅಮ್ಮ, "ಹಸಿ ಬಾಣಂತೀನ ಒಂದೇ ದಿನಕ್ಕೆ ಕಳಿಸಿದ್ರಾ?" ಅಂತ ಎರಡು ಸಲ ಕೇಳಿದರು. ನನಗೆ ಬೇರೆ ಕಾರಣ ಬೇಕಿರಲಿಲ್ಲ.

ಯಾರಿಗೆ ಹಾಕಿದೆ ಅಂತ ಎಲ್ಲರೂ ಕೇಳುತ್ತಾರೆ. ಯಾವತ್ತು ಹಾಕಿದೆ ಅಂತ ಒಬ್ಬರೂ ಕೇಳುವುದಿಲ್ಲ. ಪ್ರೈಮರಿಯಲ್ಲಿ ಕೇಳಬೇಕಾದದ್ದು ಅದೇ.

ಇಲ್ಲಿ ಎಲ್ಲ ರಾಜ್ಯಗಳೂ ಒಂದೇ ದಿನ ಓಟು ಹಾಕುವುದಿಲ್ಲ. 2020ರಲ್ಲಿ ಫೆಬ್ರವರಿ 3ಕ್ಕೆ ಅಯೋವಾ, 11ಕ್ಕೆ ನ್ಯೂ ಹ್ಯಾಂಪ್‌ಶೈರ್, ಆಮೇಲೆ ನೆವಾಡ, ಸೌತ್ ಕ್ಯಾರೊಲಿನಾ. ನಮ್ಮದು ಇನ್ನೂ 13 ರಾಜ್ಯಗಳ ಜೊತೆ ಮಾರ್ಚ್ 3ಕ್ಕೆ. ಆದರೆ ಅಂಚೆಯಲ್ಲಿ ಮತಪತ್ರ ಫೆಬ್ರವರಿಯಲ್ಲೇ ಮನೆಗೆ ಬರುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕ್ಲೋಬುಚರ್ ಮೂರನೆಯವರಾಗಿ ಬಂದದ್ದು ನೋಡಿ ಖುಷಿಯಾಯಿತು. ಆ ವಾರವೇ ಗುರುತು ಹಾಕಿ, ಕವರ್ ಮೇಲೆ ಸಹಿ ಮಾಡಿ ಕಳಿಸಿಬಿಟ್ಟೆ. ಮಾರ್ಚ್ 1ಕ್ಕೆ ಇನ್ನೊಬ್ಬ ಸ್ಪರ್ಧಿ ಪೀಟ್ ಬುಟಿಜಜ್ ಹಿಂದೆ ಸರಿದರು. ಮಾರ್ಚ್ 2ಕ್ಕೆ ಕ್ಲೋಬುಚರ್ ಕೂಡ ಸರಿದು ಬೈಡನ್‌ಗೆ ಬೆಂಬಲ ಕೊಟ್ಟರು. ನನ್ನ ಓಟು ಆಗಲೇ ಹೋಗಿಯಾಗಿತ್ತು. ಒಮ್ಮೆ ಕಳಿಸಿದ ಮೇಲೆ ಇಲ್ಲಿ ಬದಲಾಯಿಸಲು ಆಗುವುದಿಲ್ಲ. ಮರುದಿನ ಉಳಿದವರ ನಡುವೆ ಆರಿಸುವ ಅವಕಾಶ ನನಗೆ ಇರಲಿಲ್ಲ. ಆ ರಾತ್ರಿ ತುಂಬ ಹೊಟ್ಟೆ ಉರಿಯಿತು.

ಕ್ಲೋಬುಚರ್‌ಗೆ ಹಾಕಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಅವಸರ ಮಾಡಿದ್ದಕ್ಕೆ ಇದೆ. ಮತಪತ್ರವನ್ನು ಪ್ರೈಮರಿಯ ದಿನವಾದ ಮಂಗಳವಾರ ರಾತ್ರಿ 8ರೊಳಗೆ ಡ್ರಾಪ್ ಬಾಕ್ಸ್‌ಗೆ ಹಾಕಿದರೂ ಲೆಕ್ಕಕ್ಕೆ ಬರುತ್ತದೆ. ಮುಂದಿನ ಸಲ ಆ ಕವರ್ ಸೋಮವಾರ ರಾತ್ರಿಯ ಸುದ್ದಿ ಮುಗಿಯುವ ತನಕ ನಮ್ಮ ಫ್ರಿಜ್ ಮೇಲೇ ಇರುತ್ತದೆ.