ಅಣ್ಣಾ, ಟ್ಯೂನ್ ಮಾಡ್ಸಿದ್ರೆ ಎಷ್ಟು ಎಚ್‌ಪಿ ಬರುತ್ತೆ?

ಶಿವಮೊಗ್ಗದ ಸಾಗರ ರೋಡಲ್ಲಿ ನನ್ನ ಜಪಾನಿ ಸ್ಪೋರ್ಟ್ಸ್ ಕಾರಿಗೆ ಪೆಟ್ರೋಲ್ ಹಾಕ್ಸೋಕೆ ನಿಲ್ಸಿದ್ರೆ ಸಾಕು, ಯಾರಾದ್ರೂ ಒಬ್ರು ಬಂದು ಕೇಳೇ ಕೇಳ್ತಾರೆ. ಕಾಲೇಜ್ ಹುಡುಗ್ರಾದ್ರೆ "ಅಣ್ಣಾ, ಟ್ಯೂನ್ ಮಾಡ್ಸಿದ್ರೆ ಎಷ್ಟು ಎಚ್‌ಪಿ ಬರುತ್ತೆ?" ಅಂತಾರೆ, ಅಂದ್ರೆ ಇಂಜಿನ್ ಮಾರ್ಪಾಡು ಮಾಡ್ಸಿದ್ರೆ ಪವರ್ ಎಷ್ಟು ಏರುತ್ತೆ ಅಂತ. ಅಡಿಕೆ ರೇಟು ಚೆನ್ನಾಗಿದ್ದ ವರ್ಷ ನಾಲ್ಕು ಕಾಸು ಕೂಡಿಟ್ಟವ್ರಾದ್ರೆ "ಬೆಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ನೋಡಿದೀನಿ, ತಗೊಳ್ಲಾ ಬೇಡ್ವಾ?" ಅಂತಾರೆ. ಎರಡಕ್ಕೂ ನನ್ನ ಹತ್ರ ಇರೋದು ಒಂದೇ ಉತ್ತರ, ಆದ್ರೆ ಬಂಕಲ್ಲಿ ನಿಂತ್ಕೊಂಡು ಹೇಳಿ ಮುಗಿಸೋ ಅಂಥದ್ದಲ್ಲ, ಅದಕ್ಕೇ ಕೂತು ಬರೀತಿದೀನಿ. ಇಂಥ ಕಾರಿಗೆ ಮೊದಲ್ನೇ ಟ್ಯೂನಿಂಗ್ ಅಂದ್ರೆ ಅದು ಫ್ಯಾಕ್ಟರಿಯಿಂದ ಇಳಿದಾಗ ಹೆಂಗಿತ್ತೋ ಹಂಗೆ ವಾಪಸ್ ತರೋದು. ಅದಕ್ಕೆ ದುಡ್ಡು, ಟೈಮು ಎರಡೂ ಎತ್ತಿಡದೆ ಕಾರ್ ತರ್ಬೇಡಿ. ಕೈಲಿ ಹತ್ತು ರೂಪಾಯಿ ಇದ್ರೆ ಏಳು ರೂಪಾಯಿ ಕಾರೇ ನೋಡಿ.

ನನ್ನದು ನಿಸ್ಸಾನ್ 370ಝಡ್, ಎರಡೇ ಸೀಟು, ಆರು ಗೇರಿನ ಮ್ಯಾನ್ಯುಯಲ್. 1969ರಲ್ಲಿ ಜಪಾನಲ್ಲಿ ಫೇರ್‌ಲೇಡಿ ಝಡ್ ಅಂತ ಶುರುವಾಯ್ತಲ್ಲ, ಅದೇ ವಂಶದ್ದು. 2010ರಲ್ಲಿ ನಮ್ಮ ದೇಶದ ಶೋರೂಮಿಗೆ ಬಂದಾಗ ಬೆಲೆ ಐವತ್ತು ಲಕ್ಷದ ಮೇಲಿತ್ತು, ಹಂಗಾಗಿ ಇಲ್ಲಿರೋದೇ ಕಡಿಮೆ. 3.7 ಲೀಟರ್ ವಿ6, ಟರ್ಬೋ ಇಲ್ಲ, 7,500 ಆರ್‌ಪಿಎಂ ತನಕ ಒಂದೇ ಉಸಿರಲ್ಲಿ ಏರುತ್ತೆ, ಪವರ್ 320ರ ಮೇಲೆ, ಅದೆಲ್ಲ ಹಿಂದಿನ ಚಕ್ರಕ್ಕೆ. ಗೇರ್ ಇಳಿಸೋವಾಗ ಕಾರ್ ತಾನೇ ಒಂದು ಸಣ್ಣ ರೇಸ್ ಕೊಟ್ಟು ಆರ್‌ಪಿಎಂ ಹೊಂದಿಸ್ಕೊಳ್ಳುತ್ತೆ, ತೀರ್ಥಹಳ್ಳಿ ಕಡೆ ಕಾಡಿನ ತಿರುವಲ್ಲಿ ಗ್ಲಾಸ್ ಇಳಿಸ್ಕೊಂಡು ಆ ಸೌಂಡ್ ಕೇಳ್ಬೇಕು ನೀವು.

ತಗೊಳ್ಳೋ ವಿಷ್ಯಕ್ಕೆ ಬಂದ್ರೆ ಮೊದ್ಲು ನೋಡ್ಬೇಕಾಗಿರೋದು ಬಾನೆಟ್ ಒಳಗಲ್ಲ, ಪೇಪರ್. ತೊಂಬತ್ತರ ದಶಕದ ಜಪಾನಿ ಸ್ಪೋರ್ಟ್ಸ್ ಕಾರುಗಳು, ಹಳೇ ಸುಪ್ರಾ, ಆರ್‌ಎಕ್ಸ್-7, ಸ್ಕೈಲೈನ್ ಅಂತ ಯಾರಾದ್ರೂ ಕಡಿಮೆ ರೇಟಿಗೆ ತೋರಿಸಿದ್ರೆ ಅಲ್ಲೇ ಕೈಮುಗಿದು ಬನ್ನಿ. ನಮ್ಮಲ್ಲಿ ಬಳಸಿದ ಕಾರ್ ಇಂಪೋರ್ಟ್ ಮಾಡೋಕೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು ಅನ್ನೋ ನಿಯಮ ಇದೆ, ಅಂದ್ಮೇಲೆ ತೊಂಬತ್ತರ ದಶಕದ ಕಾರು ಇಲ್ಲಿಗೆ ಹೆಂಗೆ ಬಂತು, ಯಾರ ಹೆಸ್ರಲ್ಲಿ ಬಂತು ಅಂತ ಕೇಳ್ಲೇಬೇಕಲ್ವಾ? ಕಂಪನಿಯವ್ರೇ ಇಲ್ಲಿ ಮಾರಿದ ಕಾರ್ ಆದ್ರೆ ಆ ತಲೆನೋವಿಲ್ಲ. ಆದ್ರೂ ಛಾಸಿ ನಂಬರ್ ಕಾರಲ್ಲಿ ಕೊರೆದಿರೋದನ್ನ ಕಣ್ಣಾರೆ ನೋಡಿ ಆರ್‌ಸಿ ಜೊತೆ ತಾಳೆ ಮಾಡಿ. ಹೊರ ರಾಜ್ಯದ್ದಾದ್ರೆ ಎನ್‌ಒಸಿ ತಂದು ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಬೇಕು, ಇಪ್ಪತ್ತು ಲಕ್ಷದ ಮೇಲಿನ ಹೊಸ ಕಾರಿಗೆ ನಮ್ಮಲ್ಲಿ 18 ಪರ್ಸೆಂಟ್, ಹಳೇದಕ್ಕೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದ್ರೂ ಸಣ್ಣ ಮೊತ್ತ ಆಗಲ್ಲ. ಇನ್ನೊಂದು, 2010ರ ಕಾರು ಅಂದ್ರೆ ಹದಿನೈದು ವರ್ಷ ಆಯ್ತು, ಆರ್‌ಸಿ ರಿನ್ಯೂವಲ್ ಆಗಿದ್ಯಾ ಅಂತ ಕೇಳಿ.

ಆಮೇಲೆ ಇಂಜಿನ್. ಈ ಇಂಜಿನ್ ಗಟ್ಟಿ, ಆದ್ರೆ ಝಡ್ ಇಟ್ಕೊಂಡಿರೋರಿಗೆಲ್ಲ ಗೊತ್ತಿರೋ ಕೆಲವು ಜಾಗ ಇವೆ. ಒಳಗೆ ಟೈಮಿಂಗ್ ಕವರ್ ಹಿಂದೆ, ಅಂದ್ರೆ ಇಂಜಿನ್ ಮುಂಭಾಗದ ಮುಚ್ಚಳದ ಹಿಂದೆ, ಆಯಿಲ್ ಹೋಗೋ ದಾರಿಗೆ ಸಂದಿ ಮುಚ್ಚೋ ಪೇಪರ್ ಗ್ಯಾಸ್ಕೆಟ್ ಇದೆ, ವಯಸ್ಸಾದ್ಮೇಲೆ ಅದು ಹರಿದ್ರೆ ಆಯಿಲ್ ಪ್ರೆಶರ್ ಇಳಿಯುತ್ತೆ. ಹೊರಗೆ ಒಂದು ಹನಿನೂ ಸೋರಲ್ಲ, ಅದಕ್ಕೇ ಗೊತ್ತಾಗೋದು ಲೇಟು. ಡ್ಯಾಶ್‌ಬೋರ್ಡಲ್ಲಿ ಆಯಿಲ್ ಟೆಂಪರೇಚರ್ ಮೀಟ್ರಿದೆ, ವೋಲ್ಟ್ ಮೀಟ್ರಿದೆ, ಗಡಿಯಾರನೂ ಇದೆ, ಪ್ರೆಶರ್ ಮೀಟ್ರು ಮಾತ್ರ ಇಲ್ಲ. ಅದಕ್ಕೆ ನೋಡೋಕೆ ಹೋಗೋವಾಗ ಒಂದು ಮೆಕ್ಯಾನಿಕಲ್ ಗೇಜ್ ತಗೊಂಡೇ ಹೋಗ್ಬೇಕು. ಇಂಜಿನ್ ಪೂರ್ತಿ ಬಿಸಿ ಆಗೋ ತನಕ ಅರ್ಧ ಗಂಟೆ ಓಡ್ಸಿ, ಆಮೇಲೆ ಐಡ್ಲಿಂಗಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತೆ ನೋಡಿ, ಅದು ಕಂಪನಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಲೆಕ್ಕಕ್ಕಿಂತ ಕೆಳಗಿದ್ರೆ ಗ್ಯಾಸ್ಕೆಟ್ ಖರ್ಚು ಹಿಡಿದೇ ರೇಟು ಮಾತಾಡಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ತೋರ್ಸಿ "ನೋಡಿ ಸಾರ್ ಎಷ್ಟು ಸ್ಮೂತು" ಅಂದ್ರೆ ಅದು ಏನೂ ಹೇಳಲ್ಲ. ಮೊದಮೊದಲ ವರ್ಷದ ಕಾರುಗಳಲ್ಲಿ ಸ್ಟೀರಿಂಗ್ ಲಾಕ್ ಮಾಡೋ ಮೋಟರ್ ಕೈಕೊಟ್ರೆ ಕಾರ್ ಸ್ಟಾರ್ಟೇ ಆಗಲ್ಲ, ಅದನ್ನ ಬದಲಾಯಿಸಿದ್ದಾರಾ ಅಂತನೂ ಕೇಳಿ.

ಕ್ಲಚ್ ಕಥೆ ಸ್ವಲ್ಪ ಉದ್ದ, ಯಾಕಂದ್ರೆ ನನಗೇ ಆಗಿದ್ದು. ಕಾರ್ ತಂದ ಮೊದಲ್ನೇ ಮಳೆಗಾಲ, ಊರಿಂದ ಶಿವಮೊಗ್ಗಕ್ಕೆ ಬರ್ತಿದ್ದೆ, ಮಂಡಗದ್ದೆ ಹತ್ರ ಎದುರಿಗೆ ದನ ಬಂತು ಅಂತ ಕ್ಲಚ್ ತುಳಿದ್ರೆ ಪೆಡಲ್ ಕೆಳಗೆ ಹೋಗಿದ್ದು ಮೇಲಕ್ಕೆ ಬರ್ಲೇ ಇಲ್ಲ. ಶೂ ತುದಿ ಪೆಡಲ್ ಕೆಳಗೆ ತೂರಿಸಿ ಎತ್ತಿದ್ರೆ ಬರುತ್ತೆ, ಮತ್ತೆ ತುಳಿದ್ರೆ ಬೆಣ್ಣೆ ಮೇಲೆ ಕಾಲಿಟ್ಟ ಹಂಗೆ ಇಳಿಯುತ್ತೆ. ಪಕ್ಕಕ್ಕೆ ನಿಲ್ಸಿ ಬಾನೆಟ್ ತೆಗೆದು ಕ್ಲಚ್ ಫ್ಲೂಯಿಡ್ ಡಬ್ಬಿ ಮುಚ್ಚಳ ಬಿಚ್ಚಿದೆ, ಎಳ್ಳೆಣ್ಣೆ ಬಣ್ಣ ಇರ್ಬೇಕಾದ್ದು ಡಿಕಾಕ್ಷನ್ ತರ ಕಪ್ಪಗಿತ್ತು. ಹಿಂದಿನ ಓನರ್ ಅದನ್ನ ವರ್ಷಗಟ್ಲೆ ಬದಲಾಯ್ಸಿರ್ಲಿಲ್ಲ, ತಂದ ದಿನಾನೇ ನಾನೂ ಮುಚ್ಚಳ ತೆಗೆದು ನೋಡ್ಬೇಕಿತ್ತು. ಪೆಡಲ್ ತುಳಿದಿದ್ದನ್ನ ಫ್ಲೂಯಿಡ್ ಮೂಲಕ ಕ್ಲಚ್ಚಿಗೆ ತಲುಪಿಸೋ ಸ್ಲೇವ್ ಸಿಲಿಂಡರ್ ಹೋಗಿತ್ತು, ಅದು ಇರೋದು ಗೇರ್‌ಬಾಕ್ಸ್ ಬೆಲ್ ಹೌಸಿಂಗ್ ಒಳಗೆ, ಹೊರಗಿಂದ ಸ್ಪ್ಯಾನರ್ ಹಾಕೋಕಾಗಲ್ಲ, ಗೇರ್‌ಬಾಕ್ಸ್ ಪೂರ್ತಿ ಇಳಿಸ್ಬೇಕು. ಮಳೆ ಹೊಯ್ತಾ ಇದೆ, ಟೋಯಿಂಗ್ ಗಾಡಿ ಬಂತು, ಅದರ ಹಲಗೆ ಇಳಿಜಾರು ಕಾರಿನ ಮುಂದಿನ ಬಂಪರಿಗೆ ಹೊಡೆಯುತ್ತೆ, ಏರ್ಸೋಕೇ ಆಗ್ತಿಲ್ಲ. ಅಲ್ಲೇ ಪಕ್ಕದ ಮನೆಯವ್ರು, ನನ್ನ ಪರಿಚಯನೂ ಇಲ್ಲ, ಕೊಟ್ಟಿಗೆಯಿಂದ ಅಡಿಕೆ ದಬ್ಬೆ ಹೊತ್ಕೊಂಡು ಬಂದು ಒಂದರ ಮೇಲೊಂದು ಜೋಡ್ಸಿ ಇಳಿಜಾರು ಕಡಿಮೆ ಮಾಡಿ ಕಾರ್ ಏರಿಸ್ಕೊಟ್ರು. "ಇಷ್ಟು ಕೆಳಗಿನ ಗಾಡಿ ನಮ್ಮ ಕಡೆ ಯಾಕೆ ತಂದ್ರಿ ಮಾರಾಯ್ರೇ" ಅಂತ ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಕರೆದು ಕಾಫಿ ಕೊಟ್ರು. ಆ ಉಪಕಾರ ನಾನು ಮರೆಯಲ್ಲ.

ಅದರಿಂದ ನಿಮಗೆ ಹೇಳೋದು ಇಷ್ಟು, ಗೇರ್‌ಬಾಕ್ಸ್ ಒಂದ್ಸಲ ಇಳಿಸಿದ್ಮೇಲೆ ಕ್ಲಚ್ ಪ್ಲೇಟು, ಬೇರಿಂಗು, ಆಯಿಲ್ ಸೀಲು ಎಲ್ಲ ಒಟ್ಟಿಗೇ ಹಾಕ್ಸಿ, ಲೇಬರ್ ಎರಡು ಸಲ ಕೊಡ್ಬೇಡಿ.

ಮಲೆನಾಡಲ್ಲಿ ಇಂಥ ಕಾರಿಗೆ ದೊಡ್ಡ ಶತ್ರು ಓಟ ಅಲ್ಲ, ನಿಂತಿರೋದು. ಬ್ರೇಕ್ ಫ್ಲೂಯಿಡ್ ಗಾಳಿಲಿರೋ ತೇವಾನ ಹೀರ್ಕೊಳ್ಳುತ್ತೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ಲೆಕ್ಕ, ನೀರು ಸೇರಿದ್ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತೆ. ಘಾಟಿ ಇಳಿಯೋವಾಗ ಬ್ರೇಕ್ ಕಾದು ಫ್ಲೂಯಿಡ್ ಕುದಿದ್ರೆ ಪೆಡಲ್ ಮೆತ್ತಗಾಗಿ ಬಿಡುತ್ತೆ. ಬೇರೆ ಕಡೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ್ರೆ ನಡೆಯುತ್ತೆ, ಆಗುಂಬೆ ಮಳೆ ಬೀಳೋ ಸೀಮೆಲಿ ನಾನು ಪ್ರತಿ ವರ್ಷ ಮಳೆಗಾಲ ಮುಗಿದ ತಕ್ಷಣ ಬದಲಾಯಿಸ್ತೀನಿ. ಇಂಜಿನ್ ಆಯಿಲ್ಲೂ ಅಷ್ಟೇ. ಆಷಾಢದಲ್ಲಿ ಮನೆಯಿಂದ ಗಾಂಧಿ ಬಜಾರಿಗೆ ಹೋಗಿ ಬರೋದು, ಹಿಂಗೆ ಹತ್ತತ್ತು ನಿಮಿಷ ಓಡ್ಸಿ ನಿಲ್ಸಿದ್ರೆ ಆಯಿಲ್ ಬಿಸಿನೇ ಆಗಲ್ಲ, ಒಳಗಿನ ನೀರಾವಿ ಹಾರಲ್ಲ. ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ನೋಡಿ, ಒಳಭಾಗದಲ್ಲಿ ಕಡೆದ ಮಜ್ಜಿಗೆ ನೊರೆ ತರ ಬೆಳ್ಳಗೆ ಅಂಟಿರುತ್ತೆ. ಅದನ್ನ ನೋಡಿ, ಕೂಲೆಂಟು ಆಯಿಲಿಗೆ ಸೇರದಂಗೆ ತಡೆಯೋ ಹೆಡ್ ಗ್ಯಾಸ್ಕೆಟ್ಟೇ ಹೋಯ್ತು ಅಂತ ಗಾಬರಿ ಬೀಳ್ಬೇಡಿ, ಕೂಲೆಂಟ್ ಕಡಿಮೆ ಆಗ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಬರೀ ತೇವ ಅಷ್ಟೇ, ಮಳೆ ಹೊಳವಾದಾಗ ಒಂದು ಗಂಟೆ ಬಿಡದೆ ಓಡ್ಸಿ. ಕಾರ್ ಕವರ್ ಮಳೆಗಾಲದಲ್ಲಿ ಹಾಕ್ಲೇಬೇಡಿ, ಒಳಗೆ ಸೀಟು, ಬೆಲ್ಟು, ಸ್ಟೀರಿಂಗೆಲ್ಲ ಬೂಷ್ಟು ಹಿಡಿಯುತ್ತೆ. ಇಲಿ ಇನ್ನೊಂದು. ಊರ ಮನೆಲಿ ಅಡಿಕೆ ಒಣಗಿಸೋ ಜಾಗದ ಪಕ್ಕ ಒಂದು ವಾರ ನಿಲ್ಸಿದ್ದಕ್ಕೆ ಇಂಜೆಕ್ಟರ್ ವೈರ್ ಕಡಿದು ಹಾಕಿತ್ತು, ಅವತ್ತಿಂದ ಬಾನೆಟ್ ರಾತ್ರಿ ತೆಗೆದೇ ಇಡ್ತೀನಿ, ಕತ್ತಲೆ ಬೆಚ್ಚಗೆ ಇಲ್ಲ ಅಂದ್ರೆ ಅದು ಗೂಡು ಕಟ್ಟಲ್ಲ.

ಪೆಟ್ರೋಲ್ ಬಗ್ಗೆನೂ ಹೇಳ್ಬೇಕು. ಆ ಕಾಲದ ಕಾರ್‌ಗಳನ್ನ 10 ಪರ್ಸೆಂಟ್ ಎಥೆನಾಲ್ ಲೆಕ್ಕ ಇಟ್ಕೊಂಡು ಮಾಡಿದ್ದು, ಈಗ ಬಂಕಲ್ಲಿ ಸಿಗೋದು 20. ಎಥೆನಾಲ್ಲೂ ನೀರು ಎಳ್ಕೊಳ್ಳುತ್ತೆ, ತಿಂಗಳುಗಟ್ಲೆ ನಿಂತ ಟ್ಯಾಂಕಲ್ಲಿ ಅದು ಒಳ್ಳೇದಲ್ಲ. ಟ್ಯಾಂಕ್ ತುಂಬಿಸಿಟ್ರೆ ಒಳಗೆ ಗಾಳಿಗೆ ಜಾಗ ಕಡಿಮೆ, ಜೊತೆಗೆ ಹದಿನೈದು ದಿನಕ್ಕೊಮ್ಮೆಯಾದ್ರೂ ಓಡ್ಸಿ. ಈ ಇಂಜಿನ್ನಿಗೆ ಬೇಕಾಗಿರೋದು 95 ಆಕ್ಟೇನ್, ಅದಕ್ಕಿಂತ ಕಡಿಮೆ ಆಕ್ಟೇನಿಂದು ಹಾಕಿದ್ರೆ ಪೆಟ್ರೋಲ್ ತಾನಾಗೇ ಹೊತ್ಕೊಂಡು ಇಂಜಿನ್ ಬಡಿಯೋದನ್ನ ನಾಕ್ ಸೆನ್ಸರ್ ಹಿಡಿದು, ಕಿಡಿ ಹಾರೋ ಟೈಮಿಂಗ್ ಹಿಂದಕ್ಕೆ ಎಳೆಸಿ ಪವರ್ ತಿನ್ನುತ್ತೆ, ಅಂದ್ರೆ ದುಡ್ಡು ಕೊಟ್ಟು ಟ್ಯೂನ್ ಮಾಡ್ಸಿ ಕಡಿಮೆ ಆಕ್ಟೇನ್ ಪೆಟ್ರೋಲ್ ಹಾಕೋದ್ರಲ್ಲಿ ಅರ್ಥನೇ ಇಲ್ಲ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಉದ್ದ ತಿರುವಲ್ಲಿ ಜೋರಾಗಿ ಹೋದ್ರೆ ಪಂಪಿಗೆ ಪೆಟ್ರೋಲ್ ಸಿಗದೆ ಇಂಜಿನ್ ಮುಗ್ಗರಿಸೋದೂ ಈ ಕಾರಲ್ಲಿ ಇದ್ದದ್ದೇ.

ಈಗ ಟ್ಯೂನಿಂಗ್. ಟರ್ಬೋ ಇಲ್ಲದ ಇಂಜಿನ್ನಿಗೆ ಏರ್ ಇನ್‌ಟೇಕು, ಎಕ್ಸಾಸ್ಟು, ಇಸಿಯು ಅಂದ್ರೆ ಇಂಜಿನ್ ಕಂಪ್ಯೂಟರಿನ ಟ್ಯೂನು ಮೂರೂ ಮಾಡ್ಸಿದ್ರೂ ಸಿಗೋದು ಇಪ್ಪತ್ತೋ ಮೂವತ್ತೋ ಎಚ್‌ಪಿ. ಇನ್ನೊಂದು ಲೆಕ್ಕ ಯಾರೂ ಹೇಳಲ್ಲ, ಇಂಥ ಇಂಜಿನ್ ನೂರು ಮೀಟರ್ ಎತ್ತರಕ್ಕೆ ಹೆಚ್ಚುಕಮ್ಮಿ ಒಂದು ಪರ್ಸೆಂಟ್ ಪವರ್ ಕಳ್ಕೊಳ್ಳುತ್ತೆ, ಗಾಳಿ ತೆಳು ಆಗೋದ್ರಿಂದ. ಶಿವಮೊಗ್ಗ ಇರೋದೇ ಸುಮಾರು 570 ಮೀಟರ್ ಮೇಲೆ. ಅಂದ್ರೆ ಮನೆ ಮುಂದೆ ನಿಂತಾಗ್ಲೇ ಹದಿನೆಂಟು ಎಚ್‌ಪಿ ಹೋಗಿರುತ್ತೆ, ಬಾಬಾಬುಡನ್‌ಗಿರಿ ಹತ್ತಿದ್ರೆ ಟ್ಯೂನ್ ಮಾಡ್ಸಿ ಗಳಿಸಿದ್ದೆಲ್ಲ ಹೋಗಿ ಮೇಲಿಂದಷ್ಟು ಹೋಗುತ್ತೆ. ಅದಕ್ಕೇ ಪವರ್ ಅಳೆಯೋ ಡೈನೋ ಮಷಿನ್ನಿನ ಶೀಟ್ ನೋಡಿ ಕುಣಿಯೋದಕ್ಕಿಂತ ಅದು ಯಾವ ಊರಲ್ಲಿ, ಎತ್ತರ-ಹವೆಗೆ ಯಾವ ಕರೆಕ್ಷನ್ ಹಾಕಿ ತೆಗೆದಿದ್ದು ಅಂತ ಕೇಳಿ. ಏರ್ ಫಿಲ್ಟರ್‌ನ ಬಂಪರ್ ಕೆಳಗಿನ ತನಕ ತಗೊಂಡು ಹೋಗೋ ಉದ್ದ ಪೈಪಿನ ಇನ್‌ಟೇಕ್ ಮಾತ್ರ ನಮ್ಮ ಕಡೆ ಬೇಡ್ವೇ ಬೇಡ. ರಸ್ತೆ ಮೇಲೆ ಹಳ್ಳ ಹರಿಯೋ ದಿನ ಒಂದು ಗುಟುಕು ನೀರು ಒಳಗೆ ಹೋದ್ರೂ ಪಿಸ್ಟನ್ ಅದನ್ನ ಒತ್ತೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಇಂಜಿನ್ ಮುಗೀತು. ಕಂಪನಿ ಫಿಲ್ಟರ್ ಬಾಕ್ಸೇ ಇರ್ಲಿ.

ನಾನು ದುಡ್ಡು ಹಾಕಿದ್ದು ಬೇರೆ ಕಡೆ. ಮೊದ್ಲು ಆಯಿಲ್ ಕೂಲರ್, ಯಾಕಂದ್ರೆ ಬೇಸಿಗೇಲಿ ಘಾಟಿ ಹತ್ತಿಸಿದ್ರೆ ಆಯಿಲ್ ಮುಳ್ಳು ಏರ್ತಾನೇ ಹೋಗುತ್ತೆ, 140 ಡಿಗ್ರಿ ಹತ್ರ ಬಂದ್ರೆ ಇಂಜಿನ್ ತನ್ನ ಜೀವ ಉಳಿಸ್ಕೊಳ್ಳೋಕೆ ಆರ್‌ಪಿಎಂ ಕಟ್ ಮಾಡುತ್ತೆ. ಹಾಕ್ಸೋದಾದ್ರೆ ಆಯಿಲ್ ಬಿಸಿ ಆದ್ಮೇಲೆ ಮಾತ್ರ ಕೂಲರಿಗೆ ಬಿಡೋ ಥರ್ಮೋಸ್ಟಾಟ್ ಇರೋದೇ ಹಾಕ್ಸಿ, ಇಲ್ಲಾಂದ್ರೆ ಮಳೆಗಾಲದಲ್ಲಿ ಆಯಿಲ್ ಅತಿಯಾಗಿ ತಣ್ಣಗಾಗಿ ಆಗ್ಲೇ ಹೇಳಿದ ಮಜ್ಜಿಗೆ ಕಥೆನೇ. ಆಮೇಲೆ ಬ್ರೇಕ್ ಪ್ಯಾಡು. ಆಮೇಲೆ ಟೈರು, ನನ್ನ ಕೇಳಿದ್ರೆ ಇದೇ ಎಲ್ಲಕ್ಕಿಂತ ದೊಡ್ಡ ಟ್ಯೂನಿಂಗ್. ಸೈಜು ಮುಂದೆ 245/40, ಹಿಂದೆ 275/35, ಎರಡೂ 19 ಇಂಚು, ಆರ್ಡರ್ ಹಾಕಿ ಕಾಯ್ಬೇಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತ ಇದ್ರೆ 2019ರ 23ನೇ ವಾರದ್ದು ಅಂತ. ಟೈರಿನ ಗೀರು ಎಷ್ಟೇ ಆಳ ಇರ್ಲಿ, ರಬ್ಬರ್ ಗಟ್ಟಿಯಾದ ಟೈರಲ್ಲಿ ಒದ್ದೆ ರಸ್ತೇಲಿ ಸೆಕೆಂಡ್ ಗೇರಲ್ಲಿ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ರೆ ಹಿಂಭಾಗ ಜಾರಿ ಪಕ್ಕಕ್ಕೆ ಬರುತ್ತೆ. ಆಗುಂಬೆ ಘಾಟಿ ಅದನ್ನ ಕಲಿಯೋ ಜಾಗ ಅಲ್ಲ, ಬಸ್ಸು ಎದುರಾದ್ರೆ ಒಬ್ರು ನಿಂತೇ ದಾರಿ ಬಿಡ್ಬೇಕಾದ ತಿರುವುಗಳು ಅವು, ಮಕ್ಕಳು ಮರಿ ಓಡಾಡ್ತಿರ್ತಾರೆ. ಜೋರಾಗಿ ಓಡ್ಸೋ ಆಸೆ ಇದ್ರೆ ಕೊಯಮತ್ತೂರಿನ ಕಾರಿ ಟ್ರ್ಯಾಕಿಗೆ ಹೋಗಿ.

ಕಾನೂನು ಕೂಡ ನೆನಪಿರ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗೋ ಹಂಗೆ ಗಾಡಿ ಮಾರ್ಪಾಡು ಮಾಡೋ ಹಂಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಾಕಿ ಊರೆಲ್ಲ ನಡುಗೋ ಹಂಗೆ ಸೌಂಡ್ ಮಾಡೋದು ನನಗಂತೂ ಇಷ್ಟ ಇಲ್ಲ. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ, ನಾನು ರಾತ್ರಿ ಮನೆಗೆ ಬಂದಾಗ ಅವ್ರಿಗೆ ಎಚ್ಚರ ಆಗ್ಬಾರ್ದು.

ಅಂದ್ಮೇಲೆ ನನ್ನ ಕಾರ್ ಎಷ್ಟು ಎಚ್‌ಪಿ? ಕಂಪನಿ ಎಷ್ಟು ಕೊಟ್ಟಿತ್ತೋ ಅಷ್ಟೇ, ಇಷ್ಟು ವರ್ಷದ ಮೇಲೂ ಅಷ್ಟು ಉಳಿದಿದೆ ಅನ್ನೋದೇ ನನಗೆ ಖುಷಿ. ಹಿಂದಿನ ಎರಡು ಟೈರಿಗೆ ಆರ್ಡರ್ ಹಾಕಿದೀನಿ, ಮುಂಗಾರಿಗೆ ಮುಂಚೆ ಬರ್ಬೇಕು. ನಿಮ್ಮಲ್ಲಿ ಯಾರಾದ್ರೂ ಕಾರ್ ನೋಡೋಕೆ ಹೋಗೋರಿದ್ರೆ ಆಯಿಲ್ ಪ್ರೆಶರ್ ಗೇಜ್ ನನ್ನ ಹತ್ರ ಇದೆ, ಭಾನುವಾರ ಆದ್ರೆ ನಾನೂ ಜೊತೆಗೆ ಬರ್ತೀನಿ.