"ಅವನು ಬಾಯೇ ಬಿಡಲ್ಲ, ಏನು ಮಾಡಲಿ ಸರ್?"

ಪಿಯು ಕಾಲೇಜಿನಲ್ಲಿ ಪಾಠ ಮಾಡುವವರನ್ನು ಪೋಷಕರು ಕೇಳುವುದು ಜಾಸ್ತಿ ಅಂಕದ ಬಗ್ಗೆಯೇ. ಆದರೆ ಮಾತು ಮುಗಿಸಿ ಎದ್ದು ಹೊರಡುವಾಗ ಅಮ್ಮಂದಿರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಸರ್, ಮನೇಲಿ ಅವನು ಬಾಯೇ ಬಿಡಲ್ಲ. ಏನಾಯ್ತೋ ಅಂದ್ರೆ ಏನಿಲ್ಲ ಅಂತಾನೆ. ಏನು ಮಾಡಲಿ?" ಇದೇ ಪ್ರಶ್ನೆಯನ್ನು ಹೆಂಡತಿಯರು ಗಂಡನ ಬಗ್ಗೆ, ಅಕ್ಕಂದಿರು ತಮ್ಮನ ಬಗ್ಗೆ ಕೇಳಿದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ನಾನು ಕಂಡ ಹಾಗೆ ಹುಡುಗರು ಹೇಳಿಯೇ ಹೇಳುತ್ತಾರೆ. "ನಂಗೆ ಮನಸ್ಸು ಸರಿಯಿಲ್ಲ" ಅಂತ ಹೇಳುವುದಿಲ್ಲ, ಅಷ್ಟೇ. ತಲೆ ಸಿಡೀತಿದೆ ಅನ್ನುತ್ತಾರೆ. ಗ್ಯಾಸ್ಟ್ರಿಕ್ ಅನ್ನುತ್ತಾರೆ. ಚಿಕ್ಕದಕ್ಕೂ ರೇಗುತ್ತಾರೆ, ಬೈಕ್ ಜೋರಾಗಿ ಓಡಿಸುತ್ತಾರೆ, ಗೆಳೆಯರ ಜೊತೆ ಆಡಲು ಹೋಗುವುದನ್ನು ಬಿಡುತ್ತಾರೆ. ದೊಡ್ಡವರಾದರೆ ಕುಡಿತ ಜಾಸ್ತಿಯಾಗುತ್ತದೆ. ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂತ ನಾವು ತಿಳಿದಿರುತ್ತೇವೆ. ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಿನ ರೂಪದಲ್ಲೇ ಹೊರಗೆ ಬರುತ್ತದೆ. ಆ ಸಿಟ್ಟಿಗೆ ನಾವೂ ಸಿಟ್ಟಲ್ಲೇ ಉತ್ತರ ಕೊಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿ. ಹಾಜರಾತಿ ಕಮ್ಮಿ ಬಿದ್ದ ಹುಡುಗನೊಬ್ಬ ರಜಾ ಚೀಟಿ ಹಿಡಿದು ಸ್ಟಾಫ್ ರೂಮಿಗೆ ಬಂದ. ಕಾರಣ ಹೊಟ್ಟೆನೋವು ಅಂತ ಬರೆದಿದ್ದ. ಚೀಟಿಯ ತುದಿಯನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು, ಇದನ್ನೇ ಮಾಡುತ್ತಾ ನಿಂತಿದ್ದ. ನಾನು ಹೊಟ್ಟೆನೋವಿನ ಬಗ್ಗೆ ಕೇಳಲಿಲ್ಲ. "ನಿದ್ದೆ ಹೇಗಿದೆಯಪ್ಪಾ?" ಅಂದೆ. "ಮೂರು ಗಂಟೆಗೆಲ್ಲಾ ಎಚ್ಚರ ಆಗುತ್ತೆ ಸರ್. ಆಮೇಲೆ ಬರಲ್ಲ." "ಆಗ ಏನು ಯೋಚನೆ ಬರುತ್ತೆ?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಪ್ಪ ಟ್ಯೂಷನ್ನಿಗೆ ಮಾಡಿದ ಸಾಲ, ಫೇಲಾದರೆ ಮನೆಗೆ ಹೇಗೆ ಹೋಗುವುದು ಅನ್ನುವ ಭಯ, ಎಲ್ಲಾ ಒಂದೊಂದಾಗಿ ಹೇಳಿದ. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರದಿರುವುದು ಖಿನ್ನತೆಯ ಒಂದು ಲಕ್ಷಣ. ಅದಕ್ಕೇ ನಾನು ಮೊದಲು ನಿದ್ದೆಯ ಬಗ್ಗೆ ಕೇಳುವುದು. ನಿದ್ದೆ ಬರ್ತಿಲ್ಲ ಅಂತ ಹೇಳಿಕೊಳ್ಳಲು ಯಾವ ಗಂಡಸಿಗೂ ನಾಚಿಕೆ ಇಲ್ಲ.

ಇನ್ನು ಹೇಗೆ ಕೇಳುವುದು ಅನ್ನುವ ವಿಷಯ. ಎದುರಿಗೆ ಕೂರಿಸಿಕೊಂಡು "ಹೇಳು, ಏನು ನಿನ್ನ ಸಮಸ್ಯೆ" ಅಂದರೆ ಅದು ವಿಚಾರಣೆ ಆಗುತ್ತದೆ. ಕೆಲಸದ ನಡುವೆ ಕೇಳಿ. ತೋಟಕ್ಕೆ ನೀರು ಹಾಯಿಸುವಾಗ, ಬೈಕ್ ತೊಳೆಯುವಾಗ, ಅಂಗಡಿಗೆ ಹೋಗುವ ದಾರಿಯಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಿಲ್ಲದಿದ್ದರೆ ಮಾತು ಸಲೀಸಾಗಿ ಬರುತ್ತದೆ. ಅವನು ಒಂದು ವಾಕ್ಯ ಹೇಳಿ ನಿಲ್ಲಿಸಿದರೆ ನೀವೂ ನಿಲ್ಲಿಸಿ. ಮುಂದಿನದು ನಾಳೆ ಬರಲಿ.

ಅವನು ಬಾಯಿ ಬಿಟ್ಟ ಮೇಲೆ ನೀವು ಆಡುವ ಮೊದಲ ಮಾತು ತುಂಬಾ ಮುಖ್ಯ. "ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೊಳ್ತಾರಾ?" "ನಿನ್ನ ವಯಸ್ಸಲ್ಲಿ ನಾವು ಎಷ್ಟು ಕಷ್ಟಪಟ್ಟಿದ್ದೀವಿ ಗೊತ್ತಾ?" "ಗಂಡು ಹುಡುಗ ಆಗಿ ಅಳ್ತೀಯಲ್ಲೋ!" ಈ ಮಾತುಗಳನ್ನು ಪ್ರೀತಿಯಿಂದಲೇ ಹೇಳುತ್ತೇವೆ, ಒಪ್ಪುತ್ತೇನೆ. ಆದರೆ ಇದನ್ನು ಕೇಳಿದ ಹುಡುಗ ಮತ್ತೆ ನಿಮ್ಮ ಹತ್ತಿರ ಬರುವುದು ಕಷ್ಟ. "ಹೌದಾ, ಯಾವಾಗಿಂದ ಹೀಗಾಗ್ತಿದೆ?" ಅನ್ನಿ, ಸಾಕು. ಪರಿಹಾರ ಹೇಳುವ ಆತುರ ಬೇಡ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 72 ಜನ ಗಂಡಸರು. ಕಾಲು ಭಾಗಕ್ಕಿಂತ ಜಾಸ್ತಿ ಜನ ದಿನಗೂಲಿಯವರು. ಹಾಗಾಗಿ ಖಿನ್ನತೆ ಅಂದರೆ ವಿದ್ಯಾವಂತರ, ಪಟ್ಟಣದವರ ಕಾಯಿಲೆ ಅನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಸಾಯುವ ಯೋಚನೆ ಇದೆಯೇನೋ ಅಂತ ಅನುಮಾನ ಬಂದರೆ ನೇರವಾಗಿ ಕೇಳಿ. "ಸತ್ತುಹೋಗೋಣ ಅಂತ ಅನಿಸ್ತಾ ಇದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹತ್ತುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಹಾಗೇನೂ ಆಗುವುದಿಲ್ಲ. ಹೇಳಿಕೊಳ್ಳಲು ಅವನಿಗೊಂದು ದಾರಿ ಸಿಗುತ್ತದೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಕಳೆನಾಶಕವನ್ನು ಅವತ್ತೇ ಮನೆಯಿಂದಾಚೆ ಸಾಗಿಸಿ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

"ದೊಡ್ಡ ದೊಡ್ಡವರಿಗೂ ಹೀಗಾಗುತ್ತಾ ಸರ್?" ಅಂತ ಹುಡುಗರು ಕೇಳಿದಾಗ ರಾಬಿನ್ ಉತ್ತಪ್ಪ ಅವರ ಹೆಸರು ಹೇಳುತ್ತೇನೆ. 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು, ನಮ್ಮ ಕೊಡಗಿನವರು. 2009ರಿಂದ 2011ರವರೆಗೆ ಖಿನ್ನತೆಯ ಜೊತೆ, ಸಾಯುವ ಯೋಚನೆಯ ಜೊತೆ ಹೋರಾಡಿದ್ದನ್ನು 2020ರಲ್ಲಿ ಎಲ್ಲರೆದುರು ಹೇಳಿದರು. ತಮ್ಮ ಬಗ್ಗೆ ಡೈರಿ ಬರೆಯಲು ಶುರು ಮಾಡಿದ್ದು, ಬೇರೆಯವರ ಸಹಾಯ ಪಡೆದದ್ದು, ಎರಡನ್ನೂ ಹೇಳಿದರು. ಹುಡುಗರು ಕೋಚ್ ಮಾತು ಕೇಳಿದಷ್ಟೇ ಗಮನ ಕೊಟ್ಟು ಇದನ್ನು ಕೇಳುತ್ತಾರೆ.

ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದನ್ನೇ 1996ರಲ್ಲಿ ಬೇರೆ ಕಡೆಗೂ ತಂದರು. ಒಂದು ವಿಷಯ ಮೊದಲೇ ತಿಳಿದಿರಲಿ: ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ "ಏನೂ ಆಗ್ಲಿಲ್ಲ" ಅಂತ ಬಿಟ್ಟುಬಿಡುವವರಿದ್ದಾರೆ. ಊರಿಗೆಲ್ಲಾ ಗೊತ್ತಾಗುತ್ತದೆ ಅನ್ನುವ ಭಯ ಇದ್ದವರಿಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಗುಟ್ಟು ಕಾಪಾಡಿಸಿಕೊಳ್ಳುವುದು ರೋಗಿಯ ಹಕ್ಕು.

"ಅವನು ಡಾಕ್ಟರ ಹತ್ತಿರ ಬರಲ್ಲ ಅಂದ್ರೆ?" ಇದು ಅಮ್ಮಂದಿರ ಆ ಮೊದಲ ಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ. ಆಗ ನೀವೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತೊಂದರೆ ಇರುವವರೇ ಮಾಡಬೇಕು ಅಂತೇನೂ ಇಲ್ಲ. "ನನ್ನ ಮಗ ಹೀಗಿದ್ದಾನೆ, ನಾನು ಏನು ಮಾಡಲಿ" ಅಂತ ತಾಯಿಯೂ ಕೇಳಬಹುದು. ಆಮೇಲೆ ಆ ನಂಬರನ್ನು ಅವನ ಮೊಬೈಲಿನಲ್ಲೂ ಸೇವ್ ಮಾಡಿಕೊಡಿ, ಅವನಿಗೆ ಹೇಳಿಯೇ.