ದುಡ್ಡು ಕೊಡದೆ ಸ್ಮಾಲ್‌ಟಾಕ್ ಕಲೀಬೇಕು ಅಂದ್ರೆ ಯಾವುದು ಹಾಕ್ಕೊಳ್ಳೋದು

ನಮ್ಮ ತುಮಕೂರಲ್ಲಿ ಡಿಪ್ಲೊಮಾ, ಬಿಸಿಎ ಓದೋ ಹುಡುಗ್ರಲ್ಲಿ ಸುಮಾರು ಜನ ಆಬ್ಜೆಕ್ಟ್ ಓರಿಯೆಂಟೆಡ್ ಅಂದ್ರೆ ಜಾವಾ ಅಂತಲೇ ತಿಳ್ಕೊಂಡಿರ್ತಾರೆ, ಕ್ಲಾಸು ಇನ್‌ಹೆರಿಟೆನ್ಸು ಎಲ್ಲಾ ಬಾಯಿಪಾಠ ಹೊಡೆದು ಪರೀಕ್ಷೆ ಬರೆದು ಬಂದ್ಬಿಡ್ತಾರೆ. ಅವ್ರಿಗೆಲ್ಲ ನಾನು ಹೇಳೋದು, ಒಂದ್ಸಲ ಸ್ಮಾಲ್‌ಟಾಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮುಟ್ಟಿ ನೋಡ್ರಪ್ಪಾ ಅಂತ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಲ್ಯಾಬಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಇವರೆಲ್ಲ ಸೇರಿ ಕಟ್ಟಿದ್ದು. ಈ ಭಾಷೆ ಬರೆದು ಓಡಿಸೋಕೆ ಬೇರೆ ಬೇರೆ ಸಾಫ್ಟ್‌ವೇರ್ ಇವೆ, ಅದ್ರಲ್ಲಿ ವಿಷುಯಲ್‌ವರ್ಕ್ಸ್ ಥರ ದುಡ್ಡಿನವೂ ಇವೆ, ಕಲಿಯೋರಿಗೆ ಅದು ಬೇಕಿಲ್ಲ.

ಮೊದಲು ಹಾಕ್ಕೊಬೇಕಾದ್ದು ಫಾರೋ. 2008ರಲ್ಲಿ ಸ್ಕ್ವೀಕ್ ಅನ್ನೋ ಇನ್ನೊಂದು ಸ್ಮಾಲ್‌ಟಾಕ್‌ನಿಂದ ಕವಲೊಡೆದು ಬಂದಿದ್ದು, ಎಂಐಟಿ ಲೈಸೆನ್ಸು ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ಬಳಸ್ಬಹುದು, ವಿಂಡೋಸು ಲಿನಕ್ಸು ಮ್ಯಾಕು ಮೂರರಲ್ಲೂ ಓಡುತ್ತೆ, ಒಂದ್ಸಲ ಡೌನ್‌ಲೋಡ್ ಆದ್ಮೇಲೆ ನೆಟ್ ಇಲ್ಲದಿದ್ರೂ ಸಿಸ್ಟಮ್ಮಿನ ಪೂರ್ತಿ ಸೋರ್ಸ್ ಕೋಡ್ ಒಳಗೇ ಇರುತ್ತೆ, ಹಾಸ್ಟೆಲ್ ಹುಡುಗ್ರಿಗೆ ಇದಕ್ಕಿಂತ ಇನ್ನೇನು ಬೇಕು. ಪ್ಲೇಗ್ರೌಂಡ್ ಅಂತ ಕೋಡ್ ಬರೆದು ನೋಡೋ ಕಿಟಕಿ ಇದೆ, ಅದನ್ನ ತೆಗೆದು 100 ಫ್ಯಾಕ್ಟೋರಿಯಲ್ ಅಂತ ಟೈಪ್ ಮಾಡಿ ಕಂಟ್ರೋಲ್ ಪಿ ಒತ್ತಿ, 158 ಅಂಕಿಯ ಪೂರ್ತಿ ಉತ್ತರ ಬರುತ್ತೆ. ಜಾವಾದಲ್ಲಿ ಇಂಟ್ ಹಾಕಿ ಇದೇ ಲೆಕ್ಕ ಮಾಡಿದ್ರೆ ಸೊನ್ನೆ ಬರುತ್ತೆ, ಬೇಕಿದ್ರೆ ಮಾಡಿ ನೋಡಿ.

ನಮ್ಮಕ್ಕನ ಮಗನಿಗೆ ತೋರಿಸ್ತಿದ್ದಾಗ ಅವನು "ಮಾಮ, ಇದ್ರಲ್ಲಿ ಇಫ್ ಎಲ್ಲೈತೆ?" ಅಂದ. ಸರಿ ಅಂತ ಫಾರೋ ಒಳಗೇ ಇರೋ, ಕ್ಲಾಸುಗಳ ಕೋಡ್ ನೋಡೋ ಬ್ರೌಸರ್ ತೆಗೆದು ಟ್ರೂ ಅನ್ನೋ ಕ್ಲಾಸ್ ತೋರಿಸ್ದೆ. ಅಲ್ಲಿ ಇಫ್‌ಟ್ರೂ ಅನ್ನೋದು ಬರೀ ಒಂದು ಮೆಥಡ್ಡು, ಕೊಟ್ಟ ಬ್ಲಾಕ್ ಅಂದ್ರೆ ಕೋಡಿನ ತುಂಡನ್ನ ಓಡಿಸುತ್ತೆ ಅಷ್ಟೆ. ಫಾಲ್ಸ್ ಕ್ಲಾಸಲ್ಲಿ ಅದೇ ಹೆಸರಿನ ಮೆಥಡ್ಡು ಓಡಿಸದೆ ನಿಲ್, ಅಂದ್ರೆ ಏನೂ ಇಲ್ಲ ಅಂತ ಕೊಡುತ್ತೆ. ಪಾಲಿಮಾರ್ಫಿಸಂ ಅಂದ್ರೆ ಇದೇನಾ ಅಂತ ಅವನೇ ಕೇಳ್ದ, ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ! ಕ್ಲಾಸಲ್ಲಿ ಹೇಳ್ಕೊಡೋ ಪ್ರಾಣಿ ನಾಯಿ ಬೆಕ್ಕು ಅನ್ನೋ ಉದಾಹರಣೆಯಲ್ಲಿ ಇದು ಯಾವತ್ತೂ ತಲೆಗೆ ಹತ್ತಲ್ಲ. ಒಂದು ವಿಷಯ ಮಾತ್ರ ನೆನಪಿರಲಿ, 3 + 4 * 2 ಅಂದ್ರೆ ಇಲ್ಲಿ 14, ಯಾಕಂದ್ರೆ ಕೂಡೋದು ಗುಣಿಸೋದು ಎರಡೂ ಆಬ್ಜೆಕ್ಟಿಗೆ ಕಳಿಸೋ ಮೆಸೇಜುಗಳೇ, ಎಡದಿಂದ ಬಲಕ್ಕೆ ಹೋಗುತ್ತೆ, 11 ಬೇಕು ಅಂದ್ರೆ ಬ್ರಾಕೆಟ್ ಹಾಕಿ.

ಚಿಕ್ಕ ಮಕ್ಕಳಿಗಾದ್ರೆ ಸ್ಕ್ವೀಕ್ ಚೆನ್ನಾಗಿದೆ, 1996ರಲ್ಲಿ ಆಪಲ್‌ನಲ್ಲಿದ್ದಾಗ ಕೇ ಮತ್ತು ಇಂಗಲ್ಸ್ ತಂಡದವರೇ ತಂದಿದ್ದು, ಮಕ್ಕಳು ಪ್ರೋಗ್ರಾಮಿಂಗ್ ಕಲಿಯೋ ಸ್ಕ್ರಾಚ್‌ನ ಮೊದಲ ವರ್ಷನ್ ಕೂಡ ಇದರ ಮೇಲೇ ಬರೆದಿದ್ದು. ಕಮ್ಮಿ ಕೋಡಲ್ಲಿ ಪೂರ್ತಿ ಸಿಸ್ಟಮ್ ಓದಿ ಮುಗಿಸ್ಬೇಕು ಅನ್ನೋರಿಗೆ ಕ್ಯೂಯಿಸ್. ವಿಂಡೋಸ್ ಒಂದೇ ಸಾಕು ಅಂದ್ರೆ ಡಾಲ್ಫಿನ್ ಇದೆ, ಮುಂಚೆ ದುಡ್ಡಿಗಿತ್ತು, ಈಗ ಓಪನ್ ಸೋರ್ಸ್. ಟೆಕ್ಸ್ಟ್ ಫೈಲಲ್ಲೇ ಬರೆದು ಟರ್ಮಿನಲ್ಲಲ್ಲಿ ಓಡಿಸೋ ಅಭ್ಯಾಸ ಇದ್ರೆ ಗ್ನೂ ಸ್ಮಾಲ್‌ಟಾಕ್ ಸಿಗುತ್ತೆ, ಆದ್ರೆ ಅದರ ಹೊಸ ರಿಲೀಸ್ ಬಂದು ಬಹಳ ವರ್ಷ ಆಗಿದೆ, ನಾನಂತೂ ಹೊಸಬ್ರಿಗೆ ಹೇಳಲ್ಲ.

ಫಾರೋ ಹಾಕ್ಕೊಂಡೋರು ಎದ್ದೋಗೋ ಮುಂಚೆ ಇಮೇಜ್, ಅಂದ್ರೆ ಸಿಸ್ಟಮ್ ಇದ್ದ ಸ್ಥಿತಿಯನ್ನೇ ಹಿಡಿದಿಡೋ ಫೈಲು, ಸೇವ್ ಮಾಡಿ, ತೆರೆದಿದ್ದ ಕಿಟಕಿಗಳ ಸಮೇತ ಮಾರನೇ ದಿನ ಬಿಟ್ಟಲ್ಲಿಂದಲೇ ಶುರು ಮಾಡ್ಬಹುದು. ವಾರಕ್ಕೊಂದ್ಸಲ ಆ ಇಮೇಜ್ ಇರೋ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಕೊಳ್ಳಿ.